ಎಸ್ಟೋನಿಯದ ಕಾರ್ಡು, ನಾರ್ವದ ಬೂದು ಪಾಸ್‌ಪೋರ್ಟು

ಜಾತಿ ಕೇಳದ ಸರ್ಕಾರ ಒಂದು ಸಿಕ್ಕಿದೆ ಅಂತ ನಮ್ಮ ಗೆಳೆಯ ಹೇಳಿದ ದಿನ ನಾವೆಲ್ಲ ನಕ್ಕಿದ್ದೆವು. ಅವನು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವವನು. ಅವರಪ್ಪ ಇಟ್ಟಿಗೆ ಗೂಡಿನಲ್ಲಿ ಬೆನ್ನು ಸವೆಸಿ ಓದಿಸಿದರು. ಯಾರ ಕೈಕೆಳಗೂ ಇರೋದು ಬೇಡ ಅಂತ ಇವನು ಕಂಪನಿ ಬಿಟ್ಟು, ಹೊರದೇಶದ ಗಿರಾಕಿಗಳಿಗೆ ಬಾಡಿಗೆ ರೂಮಿನಿಂದಲೇ ಕೆಲಸ ಮಾಡಿಕೊಡುತ್ತಾನೆ. ಅವತ್ತು ಟೀ ಅಂಗಡಿಯ ಕಟ್ಟೆಯ ಮೇಲೆ ಒಂದು ಕಾರ್ಡು ತೆಗೆದಿಟ್ಟ. ಎಸ್ಟೋನಿಯ ಅನ್ನೋ ದೇಶದ್ದು. ದೆಹಲಿಯ ಅವರ ರಾಯಭಾರ ಕಚೇರಿಗೆ ಹೋಗಿ ಬೆರಳಚ್ಚು ಕೊಟ್ಟು ತಂದದ್ದು. "ಯಾವೂರು, ಯಾರ ಮಗ, ಯಾವ ಕೇರಿ ಅಂತ ಒಬ್ಬರೂ ಕೇಳಲಿಲ್ಲ ಕಣ್ರೋ" ಅಂದ.

ನಾವು ನಮ್ಮ ನಮ್ಮ ಮನೆಗಳಲ್ಲಿ ಮೊದಲು ಡಿಗ್ರಿ ಹಿಡಿದವರು. ನಾಡಕಚೇರಿಯ ಮೆಟ್ಟಿಲ ಮೇಲೆ ಸರ್ಟಿಫಿಕೇಟಿಗಾಗಿ ಕಳೆದ ದಿನಗಳನ್ನು ಕೂಡಿದರೆ ಒಂದು ಸೆಮಿಸ್ಟರ್ ಆದೀತು. ಆರ್‌ಡಿ ನಂಬರು ಸಿಗುತ್ತಿಲ್ಲ ಅಂತ ವಾಪಸ್ಸು, ಅಪ್ಪನ ಹೆಸರಿನ ಕಾಗುಣಿತ ಒಂದೊಂದು ಕಾಗದದಲ್ಲಿ ಒಂದೊಂದು ಥರ ಇದೆ ಅಂತ ವಾಪಸ್ಸು. ಕಾಗದ ಮನುಷ್ಯನನ್ನು ಹೇಗೆ ಕಾಯಿಸುತ್ತದೆ ಅನ್ನೋದನ್ನು ನಾವು ಪುಸ್ತಕದಲ್ಲಿ ಓದಿ ತಿಳಿಯಬೇಕಿರಲಿಲ್ಲ. ಹಾಗಾಗಿ ಆ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದೆವು. ಆಮೇಲೆ ಅದರ ಚರಿತ್ರೆ ಹುಡುಕಿಕೊಂಡು ಹೋದೆವು. ಗೆಳೆಯ ಹೇಳಿದ್ದು ಸುಳ್ಳಲ್ಲ. ಅದರ ಅರ್ಜಿಯಲ್ಲಿ ಜಾತಿಯ ಕಾಲಂ ಇಲ್ಲ. ಪೌರತ್ವದ ಕಾಲಂ ಇದೆ. 2022ರ ಮಾರ್ಚ್‌ನಲ್ಲಿ, ಆ ಕಾಲಂನಲ್ಲಿ ರಷ್ಯ ಅಥವಾ ಬೆಲರೂಸ್ ಅಂತ ಬರೆಯಬೇಕಾದವರ ಹೊಸ ಅರ್ಜಿಗಳನ್ನು ತೆಗೆದುಕೊಳ್ಳುವುದನ್ನೇ ಎಸ್ಟೋನಿಯ ನಿಲ್ಲಿಸಿಬಿಟ್ಟಿತು.

ಮೊದಲು ಈ ಕಾರ್ಡು ಏನು ಅನ್ನೋದನ್ನು ಹೇಳಬೇಕು. 2014ರ ಡಿಸೆಂಬರ್ 1ರಂದು ಎಸ್ಟೋನಿಯ 'ಇ-ರೆಸಿಡೆನ್ಸಿ' ಎಂಬ ಯೋಜನೆ ಶುರುಮಾಡಿತು. ಆ ದೇಶದಲ್ಲಿ ಕಾಲಿಡದೆ ಅಲ್ಲಿನ ನಿವಾಸಿ ಅನ್ನಿಸಿಕೊಳ್ಳಬಹುದು. ನೂರು ಯೂರೊ ಮೇಲೆ ಶುಲ್ಕ ಕಟ್ಟಬೇಕು, ಪಾಸ್‌ಪೋರ್ಟ್ ತೋರಿಸಬೇಕು, ಅಲ್ಲಿನ ಪೊಲೀಸ್ ಮತ್ತು ಗಡಿ ಇಲಾಖೆ ಹಿನ್ನೆಲೆ ನೋಡಿ ಸರಿ ಅನ್ನಬೇಕು. ಕಾರ್ಡು ಬಂದಮೇಲೆ ಕೂತಲ್ಲಿಂದಲೇ ಕಂಪನಿ ನೋಂದಾಯಿಸಬಹುದು, ಕಂಪ್ಯೂಟರಿನಲ್ಲೇ ಸಹಿ ಹಾಕಬಹುದು, ತೆರಿಗೆ ಲೆಕ್ಕ ಒಪ್ಪಿಸಬಹುದು. ಅಷ್ಟೇ. ಆ ದೇಶಕ್ಕೆ ಹೋಗಬೇಕೆಂದರೆ ಎಲ್ಲರಂತೆ ವೀಸಾಕ್ಕೆ ಸಾಲು ನಿಲ್ಲಬೇಕು. ಅಲ್ಲಿ ವಾಸ ಮಾಡುವ ಹಕ್ಕಿಲ್ಲ, ಓಟಿಲ್ಲ. ಕಾರ್ಡಿನ ಮೇಲೆ ಫೋಟೋ ಕೂಡ ಇರುವುದಿಲ್ಲ, ಗುರುತಿನ ಚೀಟಿ ಅಂತ ಎಲ್ಲೂ ತೋರಿಸೋಕಾಗಲ್ಲ. ಜಗಲಿ ಮೇಲೆ ಕೂತು ವ್ಯಾಪಾರ ಮಾಡು, ನಡುಮನೆಗೆ ಬರಬೇಡ ಅನ್ನೋ ಲೆಕ್ಕ. ಇಂಥ ಜಗಲಿಗಳು ನಮಗೇನು ಹೊಸವಲ್ಲ.

ಆದರೂ ಶುರುವಿನಲ್ಲಿ ಅದಕ್ಕೊಂದು ದೊಡ್ಡ ಮಾತಿತ್ತು. ನೀನು ಎಲ್ಲಿ ಹುಟ್ಟಿದೆ ಅನ್ನೋದು ಮುಖ್ಯವಲ್ಲ, ಏನು ಮಾಡುತ್ತೀಯ ಅನ್ನೋದು ಮುಖ್ಯ ಅನ್ನುವ ಅರ್ಥದ ಮಾತು. ಹದಿಮೂರು ಚಿಲ್ಲರೆ ಲಕ್ಷ ಜನರಿರುವ ದೇಶ, 2025ರ ಹೊತ್ತಿಗೆ ಒಂದು ಕೋಟಿ ಇ-ಎಸ್ಟೋನಿಯನ್ನರು ಬೇಕು ಅಂತ ಗುರಿ ಇಟ್ಟುಕೊಂಡಿತು. ಆದದ್ದು ಒಂದು ಲಕ್ಷದ ಮೇಲೆ ಒಂದಿಷ್ಟು ಸಾವಿರ. ಗುರಿ ತಪ್ಪಿದ್ದಕ್ಕೆ ನಮಗೇನೂ ತಕರಾರಿಲ್ಲ. ಹುಟ್ಟು ಮುಖ್ಯವಲ್ಲ ಅಂದವರು ಎಂಟೇ ವರ್ಷಕ್ಕೆ ಹುಟ್ಟನ್ನೇ ನೋಡಿ ಬಾಗಿಲು ಹಾಕಿದ್ದು ಯಾಕೆ? ಇದಕ್ಕೆ ಉತ್ತರ ರಾಜಧಾನಿ ತಾಲಿನ್‌ನಲ್ಲಿ ಸಿಗುವುದಿಲ್ಲ. ಪೂರ್ವದ ಅಂಚಿಗೆ, ನಾರ್ವಕ್ಕೆ ಹೋಗಬೇಕು.

ನಾರ್ವ ಅಂದರೆ ಊರೂ ಹೌದು, ನದಿಯೂ ಹೌದು. ನದಿಯ ಈ ದಡದಲ್ಲಿ ಒಂದು ಕೋಟೆ, ಆ ದಡದಲ್ಲಿ ರಷ್ಯದ ಇವಾನ್‌ಗೊರೊದ್ ಕೋಟೆ. ಎರಡೂ ನೂರಾರು ವರ್ಷದಿಂದ ಒಂದನ್ನೊಂದು ದಿಟ್ಟಿಸಿಕೊಂಡು ನಿಂತಿವೆ. ನಡುವಿನ ಸೇತುವೆಗೆ ಸ್ನೇಹದ ಸೇತುವೆ ಅಂತ ಹೆಸರು. ನದಿಯ ನಡುಗಡ್ಡೆಯಲ್ಲಿ 1857ರಲ್ಲಿ ಕ್ರೀನ್‌ಹೋಮ್ ಬಟ್ಟೆ ಗಿರಣಿ ಎದ್ದಿತು. ಜಲಪಾತದ ನೀರೇ ಅದರ ಶಕ್ತಿ. ಜಾರ್ ಸಾಮ್ರಾಜ್ಯದ ಅತಿದೊಡ್ಡ ಗಿರಣಿಗಳಲ್ಲಿ ಒಂದು. ಹೆಂಗಸರು, ಮಕ್ಕಳು ಅನ್ನದೆ ದುಡಿಸಿಕೊಂಡರು. 1872ರಲ್ಲಿ ಕಾಲರಾ ಬಂದು ಕೂಲಿಯವರು ಹುಳಗಳಂತೆ ಸತ್ತಾಗ ಉಳಿದವರು ಮುಷ್ಕರ ಹೂಡಿದರು. ಆ ಸಾಮ್ರಾಜ್ಯದ ಕಾರ್ಮಿಕ ಚರಿತ್ರೆಯಲ್ಲಿ ಅದು ಮೊದಲ ದೊಡ್ಡ ಮುಷ್ಕರಗಳಲ್ಲಿ ಒಂದು. ಸೈನ್ಯ ಬಂತು. ಮಿಕ್ಕದ್ದು ಓದುಗರಿಗೆ ಗೊತ್ತು, ಎಲ್ಲ ಕಡೆ ಒಂದೇ ಥರ ಮುಗಿಯುತ್ತೆ.

ಎಸ್ಟೋನಿಯ 1918ರ ಫೆಬ್ರವರಿ 24ರಂದು ಸ್ವತಂತ್ರ ಅಂತ ಸಾರಿಕೊಂಡಿತು. ಇಪ್ಪತ್ತೆರಡು ವರ್ಷ ಬದುಕಿತು. 1940ರಲ್ಲಿ ಸೋವಿಯತ್ ಒಕ್ಕೂಟ ಅದನ್ನು ನುಂಗಿತು. 1941ರ ಜೂನ್‌ನಲ್ಲಿ ಸುಮಾರು ಹತ್ತು ಸಾವಿರ ಜನರನ್ನು ರಾತ್ರೋರಾತ್ರಿ ರೈಲಿಗೆ ತುಂಬಿ ಒಕ್ಕೂಟದ ಒಳನಾಡಿಗೆ ಸಾಗಿಸಿದರು. ಆಮೇಲೆ ಜರ್ಮನ್ನರು ಬಂದರು, ಹೋದರು. ಮತ್ತೆ ಸೋವಿಯತ್. 1949ರ ಮಾರ್ಚ್‌ನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸೈಬೀರಿಯದ ಪಾಲಾದರು. ಅವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಬಡವರ ಹೆಸರು ಹೇಳಿಕೊಂಡು ಬಂದ ಪ್ರಭುತ್ವವೇ ಇದನ್ನು ಮಾಡಿತು ಅಂತ ಬರೆಯುವಾಗ ನಮಗೆ ಸಂಕಟವಾಗುತ್ತದೆ. ಬರೆಯದೆ ಬಿಟ್ಟರೆ ಚರಿತ್ರೆಗೆ ಮೋಸ.

1944ರ ಯುದ್ಧದಲ್ಲಿ ನಾರ್ವ ಊರು ನೆಲಸಮವಾಗಿತ್ತು. ಓಡಿಹೋಗಿದ್ದ ಹಳೆಯ ಜನರಿಗೆ ವಾಪಸ್ಸು ಬರಲು ಬಿಡಲಿಲ್ಲ. ಗಿರಣಿಗೆ, ಸುಟ್ಟರೆ ಉರಿಯುವ ಕಲ್ಲಿನ ಗಣಿಗಳಿಗೆ, ಪಕ್ಕದ ಸಿಲ್ಲಮ್ಯಾಯೆಯ ಯುರೇನಿಯಂ ಕಾರ್ಖಾನೆಗೆ ರಷ್ಯ, ಬೆಲರೂಸ್, ಉಕ್ರೇನ್‌ಗಳಿಂದ ಕೂಲಿಯವರು ಬಂದರು. ಎಸ್ಟೋನಿಯದಲ್ಲಿ ಎಸ್ಟೋನಿಯನ್ನರ ಪಾಲು 1934ರಲ್ಲಿ ನೂರಕ್ಕೆ 88 ಇದ್ದದ್ದು 1989ಕ್ಕೆ 61.5ಕ್ಕೆ ಇಳಿಯಿತು. ಹಾಗೆ ಬಂದವರು ಯಾರು? ಸುಟ್ಟ ಹಳ್ಳಿಗಳಿಂದ, ಅನಾಥಾಲಯಗಳಿಂದ, ಸಾಮೂಹಿಕ ಬೇಸಾಯದ ಹೊಲಗಳಿಂದ ಎದ್ದು ಬಂದವರು ಅವರಲ್ಲಿ ಬಹಳ. ಅವರು ಬಂದದ್ದು ದುಡಿಯೋಕೆ. ಟ್ಯಾಂಕು ಓಡಿಸಿಕೊಂಡು ಬಂದವರು ಬೇರೆ, ಲಾಳಿ ಹಿಡಿಯಲು ಬಂದವರು ಬೇರೆ. ಆಮೇಲೆ ಬಂದ ಕಾನೂನಿಗೆ ಈ ವ್ಯತ್ಯಾಸ ಕಾಣಲಿಲ್ಲ.

ಇಲ್ಲಿ ಸೋವಿಯತ್ ಪಾಸ್‌ಪೋರ್ಟಿನ ಕತೆ ಹೇಳದಿದ್ದರೆ ನಮ್ಮ ಮಾತು ಅರ್ಧವಾಗುತ್ತದೆ. 1932ರ ಡಿಸೆಂಬರ್‌ನಲ್ಲಿ ಆ ದೇಶ ಒಳನಾಡಿನ ಪಾಸ್‌ಪೋರ್ಟ್ ಪದ್ಧತಿ ತಂದಿತು. ದೇಶದೊಳಗೆ ಒಂದೂರಿಂದ ಇನ್ನೊಂದೂರಿಗೆ ಹೋಗಿ ನೆಲಸಲು ಬೇಕಾದ ಕಾಗದ. ಹಳ್ಳಿಯ ಸಾಮೂಹಿಕ ಬೇಸಾಯದ ರೈತನಿಗೆ ಅದನ್ನು ಕೊಡಲಿಲ್ಲ. ಕೊಟ್ಟರೆ ಓಡಿಹೋಗುತ್ತಾನಲ್ಲ! 1974ರಲ್ಲಿ ಹೊಸ ನಿಯಮ ಬರುವ ತನಕ, ನಲವತ್ತು ವರ್ಷ, ಅನ್ನ ಬೆಳೆದವನು ಅನುಮತಿ ಚೀಟಿ ಇಲ್ಲದೆ ಊರು ಬಿಡುವ ಹಾಗಿರಲಿಲ್ಲ. ಜೀತ ಅನ್ನೋ ಮಾತು ಬಳಸದೆ ಜೀತ. ಇನ್ನು ಪಟ್ಟಣದವನಿಗೆ ಸಿಕ್ಕ ಪಾಸ್‌ಪೋರ್ಟಿನಲ್ಲಿ 'ಐದನೇ ಸಾಲು' ಅಂತ ಜನ ಕರೆಯುತ್ತಿದ್ದ ಒಂದು ಕಾಲಂ ಇತ್ತು. ಜನಾಂಗ ಯಾವುದು ಅಂತ. ರಷ್ಯನ್, ಯಹೂದಿ, ಉಕ್ರೇನಿಯನ್, ತತಾರ್. 1938ರಿಂದ ಅದನ್ನು ತುಂಬುತ್ತಿದ್ದದ್ದು ಅಪ್ಪ ಅಮ್ಮನ ಹುಟ್ಟು ನೋಡಿ. ನೀನು ಏನು ಅಂದುಕೊಂಡಿದ್ದೀಯ ಅನ್ನೋದಕ್ಕೆ ಬೆಲೆ ಇಲ್ಲ. ಆ ಒಂದು ಸಾಲಿನ ಮೇಲೆ ಕಾಲೇಜಿನ ಸೀಟು ತಪ್ಪಿದವರಿದ್ದಾರೆ, ಕೆಲಸ ತಪ್ಪಿದ ಯಹೂದಿಗಳಿದ್ದಾರೆ. ರಷ್ಯದ ಪಾಸ್‌ಪೋರ್ಟಿನಿಂದ ಆ ಸಾಲು ಹೋಗಿದ್ದು 1997ರಲ್ಲಿ. ಸಮತೆಯ ದೇಶದಲ್ಲೂ ಹುಟ್ಟಿಗೆ ಒಂದು ಕಾಲಂ ಇತ್ತು ಅಂದರೆ, ಕಾಲಂಗಳ ಆಯುಸ್ಸು ಸಿದ್ಧಾಂತಗಳ ಆಯುಸ್ಸಿಗಿಂತ ದೊಡ್ಡದು.

1991ರ ಆಗಸ್ಟ್ 20ರಂದು ಎಸ್ಟೋನಿಯ ಮತ್ತೆ ಸ್ವತಂತ್ರವಾಯಿತು. ಬಂದೂಕಿನ ಮುಂದೆ ಹಾಡು ಹಾಡಿಕೊಂಡು ಗೆದ್ದವರು ಅವರು. ಆ ಗೆಲುವಿಗೆ ನಮ್ಮ ತಲೆ ಬಾಗುತ್ತದೆ. ಆದರೆ 1992ರ ಫೆಬ್ರವರಿಯಲ್ಲಿ ಅವರು 1938ರ ಹಳೆಯ ಪೌರತ್ವ ಕಾಯಿದೆಯನ್ನು ಮತ್ತೆ ಜಾರಿಗೆ ತಂದರು. 1940ರ ಜೂನ್ 16ಕ್ಕೆ ಮುಂಚೆ ಯಾರು ಪೌರರಾಗಿದ್ದರೋ ಅವರು, ಅವರ ಮಕ್ಕಳು ಮೊಮ್ಮಕ್ಕಳು ತಾನಾಗೇ ಪೌರರು. ಮಿಕ್ಕವರು ಭಾಷೆಯ ಪರೀಕ್ಷೆ ಪಾಸು ಮಾಡಿ, ಕಾದು, ಅರ್ಜಿ ಹಾಕಬೇಕು. ನಮ್ಮ ನಾಡು ಅಕ್ರಮವಾಗಿ ಆಕ್ರಮಿತವಾಗಿತ್ತು, ಹಾಗಾಗಿ ಹಳೆಯ ದೇಶವೇ ಮುಂದುವರಿಯುತ್ತಿದೆ ಅಂತ ಅವರ ವಾದ. ಕಾನೂನಿನ ತರ್ಕಕ್ಕೆ ಸರಿಯಾಗಿಯೇ ಇದೆ. ಫಲ ಮಾತ್ರ ಹೀಗಾಯಿತು: ದೇಶದಲ್ಲಿ ವಾಸವಿದ್ದವರಲ್ಲಿ ನೂರಕ್ಕೆ 32 ಮಂದಿ ಒಂದೇ ಏಟಿಗೆ 'ಪೌರತ್ವ ನಿರ್ಧಾರವಾಗದವರು' ಆದರು. ಅದೇ ವರ್ಷ ಸಂವಿಧಾನದ ಜನಮತಗಣನೆ ನಡೆಯಿತು, ಪಾರ್ಲಿಮೆಂಟಿನ ಚುನಾವಣೆ ನಡೆಯಿತು. ಇವರು ಕಿಟಕಿಯಿಂದ ನೋಡಿದರು. 1993ರ ಜುಲೈನಲ್ಲಿ ನಾರ್ವ ಮತ್ತು ಸಿಲ್ಲಮ್ಯಾಯೆ ಊರುಗಳು ತಾವೇ ಸ್ವಾಯತ್ತತೆಯ ಮತಗಣನೆ ಮಾಡಿಕೊಂಡವು. ಕೋರ್ಟು ಅದನ್ನು ಸಂವಿಧಾನಬಾಹಿರ ಅಂತ ತಳ್ಳಿಹಾಕಿತು. ಗದ್ದಲವಾಗಲಿಲ್ಲ, ಒಂದು ಹನಿ ರಕ್ತ ಬೀಳಲಿಲ್ಲ. ಇದನ್ನೂ ಹೇಳಬೇಕು. ಅದೇ ಹೊತ್ತಿಗೆ ಯುಗೊಸ್ಲಾವಿಯ ಉರಿಯುತ್ತಿತ್ತು.

ಇವರಿಗೆ ಆಮೇಲೆ ಸಿಕ್ಕಿದ್ದು ಬೂದುಬಣ್ಣದ ಪಾಸ್‌ಪೋರ್ಟು. ಒಳಗೆ ಹೆಸರಿದೆ, ಫೋಟೋ ಇದೆ, ದೇಶವಿಲ್ಲ. ಕೆಲವರು ಭಾಷೆ ಕಲಿತು ಪೌರರಾದರು. ಕೆಲವರು ಅವಮಾನಕ್ಕೆ ಕಲಿಯಲಿಲ್ಲ. ಗಿರಣಿಯಲ್ಲಿ ಮೂವತ್ತು ವರ್ಷ ದುಡಿದು, ನೆರೆಯವರೆಲ್ಲ ರಷ್ಯನ್ನೇ ಮಾತಾಡುವ ಊರಿನಲ್ಲಿ ಐವತ್ತನೇ ವಯಸ್ಸಿಗೆ ಹದಿನಾಲ್ಕು ವಿಭಕ್ತಿಯ ಭಾಷೆ ಕಲಿಯೋದು ಎಲ್ಲರಿಗೂ ಆಗುವ ಮಾತಲ್ಲ. ಕೆಲವರು, ರಷ್ಯ ಕೊಡ್ತೀನಿ ಅಂದಾಗ ಅಲ್ಲಿನ ಪಾಸ್‌ಪೋರ್ಟ್ ತೆಗೆದುಕೊಂಡರು. ಯಾವುದೋ ಒಂದು ದೇಶ ನಿನ್ನವನು ಅಂದರೆ ಸಾಕು ಅನ್ನಿಸುವ ಹೊತ್ತಿರುತ್ತದೆ. ಬೂದು ಪಾಸ್‌ಪೋರ್ಟಿನ ತಾಯಿ ತಂದೆಗೆ ಎಸ್ಟೋನಿಯದಲ್ಲೇ ಹುಟ್ಟಿದ ಮಗುವಿಗೆ ತಾನಾಗೇ ಪೌರತ್ವ ಸಿಗಲು 2016ರ ಜನವರಿ ಬರಬೇಕಾಯಿತು.

ಈಗ ಕಾರ್ಡಿಗೆ ಬರೋಣ. 2014ರ ಡಿಸೆಂಬರ್ 1ರಂದು ಮೊದಲ ಇ-ನಿವಾಸಿಯ ಕಾರ್ಡು ಪಡೆದವರು ಎಡ್ವರ್ಡ್ ಲೂಕಸ್, ಇಂಗ್ಲೆಂಡಿನ ಹೆಸರಾಂತ ಪತ್ರಕರ್ತ. ಕೊಟ್ಟವರು ರಾಷ್ಟ್ರಾಧ್ಯಕ್ಷ ತೂಮಾಸ್ ಹೆಂಡ್ರಿಕ್ ಇಲ್ವೆಸ್. ಈ ಇಲ್ವೆಸ್ ಹುಟ್ಟಿದ್ದು 1953ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ, ಬೆಳೆದದ್ದು ಅಮೆರಿಕದಲ್ಲಿ. ಅಪ್ಪ ಅಮ್ಮ ಸೋವಿಯತ್ ಸೈನ್ಯಕ್ಕೆ ಹೆದರಿ ಓಡಿಹೋದ ನಿರಾಶ್ರಿತರು. ಅವರ ಮಗ ಆ ನೆಲದ ಅಧ್ಯಕ್ಷನಾದದ್ದು ನಮಗೆ ಖುಷಿಯ ಸುದ್ದಿಯೇ. ಆದರೆ ಲೆಕ್ಕ ನೋಡಿ. ಸ್ಟಾಕ್‌ಹೋಮ್‌ನಲ್ಲಿ ಹುಟ್ಟಿದ ಮಗು ರಕ್ತದ ಮೇಲೆ ಪೌರ. ನಾರ್ವದ ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಿದ ಗಿರಣಿಯವಳ ಮಗು ನಿರ್ಧಾರವಾಗದವಳು. ಲಂಡನ್ನಿನ ಪತ್ರಕರ್ತ ಅದೇ ದೇಶದ ಗೌರವಾನ್ವಿತ ಇ-ನಿವಾಸಿ.

ಇನ್ನೊಂದು ವಿಚಿತ್ರ ಉಂಟು. 2002ರಲ್ಲಿ ಎಸ್ಟೋನಿಯ ತನ್ನ ನಿವಾಸಿಗಳಿಗೆಲ್ಲ ಚಿಪ್ಪಿನ ಗುರುತಿನ ಕಾರ್ಡು ಕೊಡಲು ಶುರುಮಾಡಿತು. ಬೂದು ಪಾಸ್‌ಪೋರ್ಟಿನವರಿಗೂ ಸಿಕ್ಕಿತು. ಆಸ್ಪತ್ರೆ, ಬ್ಯಾಂಕು, ತೆರಿಗೆ, ಶಾಲೆ, ಎಲ್ಲಕ್ಕೂ ಅದೇ ಬೀಗದ ಕೈ. 2005ರಿಂದ ಅದೇ ಕಾರ್ಡು ಚುಚ್ಚಿ ಮನೆಯಿಂದಲೇ ಓಟು ಹಾಕಬಹುದು. ಪಾರ್ಲಿಮೆಂಟಿನ ಓಟಿನ ದಿನ ಮಾತ್ರ ನಾರ್ವದ ಅಜ್ಜಿಯ ಕಾರ್ಡು ಆ ಒಂದು ಬಾಗಿಲನ್ನು ತೆರೆಯುವುದಿಲ್ಲ. ಕಾರ್ಡಿನ ತಪ್ಪೇನಿಲ್ಲ. ಪಾಪ, ಅದು ಹೇಳಿದಷ್ಟು ಕೇಳುತ್ತದೆ.

2022ರ ಫೆಬ್ರವರಿ 24. ಎಸ್ಟೋನಿಯದ ಸ್ವಾತಂತ್ರ್ಯ ದಿನ. ಅವತ್ತೇ ಬೆಳಗ್ಗೆ ರಷ್ಯದ ಸೈನ್ಯ ಉಕ್ರೇನಿನ ಮೇಲೆ ಬಿತ್ತು. ಒಂದು ಭಾಗ ಬೆಲರೂಸ್ ನೆಲದಿಂದಲೇ ನುಗ್ಗಿತು. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ನಮ್ಮ ಕನ್ನಡನಾಡಿನ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಸತ್ತ. ಇಲ್ಲಿ ಸೀಟಿಗೆ ದುಡ್ಡಿಲ್ಲದೆ ಅಲ್ಲಿಗೆ ಹೋಗುವ ಮಕ್ಕಳ ಕತೆ ನಮ್ಮ ಜಿಲ್ಲೆಗಳಿಗೆ ಗೊತ್ತು. ಆದ್ದರಿಂದ ಈ ಯುದ್ಧ ದೂರದ್ದು ಅಂತ ನಾವು ಬರೆಯಲಾರೆವು. 1940ನ್ನು, 1949ನ್ನು ಕಂಡ ಪುಟ್ಟ ದೇಶ ಬೆಚ್ಚಿಬಿದ್ದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಕಾರ್ಡಿನ ಮೂಲಕ ಕಂಪನಿ ತೆರೆದು ಯಾರೋ ನಿರ್ಬಂಧದ ಹಣ ಸಾಗಿಸಿದರೆ ಅನ್ನುವ ಭಯವೂ ಸುಳ್ಳಲ್ಲ.

ಆದರೆ ಹಣದ ಚರಿತ್ರೆ ಬೇರೆಯೇ ಹೇಳುತ್ತದೆ. 2018ರಲ್ಲಿ ಬಯಲಿಗೆ ಬಂದ ಡಾನ್‌ಸ್ಕೆ ಬ್ಯಾಂಕಿನ ಹಗರಣದಲ್ಲಿ, ಅದರ ಎಸ್ಟೋನಿಯ ಶಾಖೆಯೊಂದರಲ್ಲೇ 2007ರಿಂದ 2015ರ ನಡುವೆ ಹೊರಗಿನ ಗಿರಾಕಿಗಳ ಸುಮಾರು ಇಪ್ಪತ್ತು ಸಾವಿರ ಕೋಟಿ ಯೂರೊ ಹರಿದಿತ್ತು. ಅದರಲ್ಲಿ ಬಹುಪಾಲು ಅನುಮಾನದ ಹಣ. ಆ ವರ್ಷಗಳಲ್ಲಿ ಹೆಚ್ಚಿನ ಕಾಲ ಇ-ರೆಸಿಡೆನ್ಸಿ ಹುಟ್ಟಿಯೇ ಇರಲಿಲ್ಲ. ದೊಡ್ಡ ಹಣ ಕಾರ್ಡು ಕೇಳಿಕೊಂಡು ಬರಲಿಲ್ಲ, ಸೂಟು ಹಾಕಿಕೊಂಡು ಬ್ಯಾಂಕಿನ ಮುಂಬಾಗಿಲಲ್ಲೇ ಬಂತು. ಸಿರಿವಂತ ರಷ್ಯನ್ನನಿಗೆ ಹುಟ್ಟನ್ನು ತಿದ್ದಿಕೊಳ್ಳುವ ಅಂಗಡಿಗಳೂ ಇದ್ದವು. ಸೈಪ್ರಸ್ 2020ರ ತನಕ ಹೂಡಿಕೆಯ ಲೆಕ್ಕದಲ್ಲಿ ಪೌರತ್ವ ಮಾರಿತು. ಮಾಲ್ಟದ ವ್ಯಾಪಾರಕ್ಕೆ ಯುರೋಪಿನ ನ್ಯಾಯಾಲಯ ತಡೆ ಹಾಕಿದ್ದು 2025ರಲ್ಲಿ. ಹಾಗಾದರೆ ಪೌರತ್ವದ ಕಾಲಂಗೆ ಸಿಕ್ಕಿಬಿದ್ದವನು ಯಾರು? ತಿದ್ದಿಕೊಳ್ಳಲು ದುಡ್ಡಿಲ್ಲದವನು.

ಬೆಲರೂಸಿನವರ ಕತೆ ಇನ್ನೂ ಕೆಟ್ಟದ್ದು. 2020ರ ಆಗಸ್ಟ್‌ನಲ್ಲಿ ಲುಕಶೆಂಕೊನ ಕಳ್ಳ ಚುನಾವಣೆಯ ವಿರುದ್ಧ ಲಕ್ಷಾಂತರ ಜನ ಬೀದಿಗೆ ಬಂದರು. ಲಾಠಿ, ಜೈಲು, ಚಿತ್ರಹಿಂಸೆ. ನಮ್ಮ ಗೆಳೆಯನಂತೆ ಕಂಪ್ಯೂಟರ್ ಕೆಲಸ ಮಾಡುವ ಎಷ್ಟೋ ಹುಡುಗರು ಲಿಥುವೇನಿಯ, ಪೋಲೆಂಡ್‌ಗಳಿಗೆ ಓಡಿದರು. 2022ರ ಮಾರ್ಚ್‌ನಲ್ಲಿ ಎಸ್ಟೋನಿಯ ಅವರ ಹೊಸ ಅರ್ಜಿಗೆ ಬಾಗಿಲು ಹಾಕಿತು, ಯಾಕೆಂದರೆ ಕಾಲಂನಲ್ಲಿ ಬೆಲರೂಸ್ ಅಂತಿದೆ. 2023ರ ಸೆಪ್ಟೆಂಬರ್‌ನಲ್ಲಿ ಲುಕಶೆಂಕೊ ಆಜ್ಞೆ ಹೊರಡಿಸಿದ: ಹೊರದೇಶದ ರಾಯಭಾರ ಕಚೇರಿಗಳು ಇನ್ನುಮುಂದೆ ಪಾಸ್‌ಪೋರ್ಟ್ ನವೀಕರಿಸುವಂತಿಲ್ಲ, ಬೇಕಾದರೆ ದೇಶಕ್ಕೆ ಬನ್ನಿ. ಬಂದರೆ ಜೈಲು. ಅವನ ದೇಶ ಅವನನ್ನು ನಮ್ಮವನಲ್ಲ ಅನ್ನುತ್ತಿದೆ. ಹೊರಗಿನ ಬಾಗಿಲು, ನೀನು ಅವರವನೇ ಅನ್ನುತ್ತಿದೆ. ನಡುವೆ ಒಬ್ಬ ಮನುಷ್ಯ ನಿಂತಿದ್ದಾನೆ.

ಇದಕ್ಕೆ ಸರಿಯಾಗಿ ನೂರು ವರ್ಷ ಹಿಂದೆ ಬೇರೆ ಥರದ ಬುದ್ಧಿಯೂ ಯುರೋಪಿಗೆ ಹೊಳೆದಿತ್ತು. 1921ರ ಕೊನೆಯಲ್ಲಿ ಸೋವಿಯತ್ ಸರ್ಕಾರ ಹೊರಗೆ ಓಡಿದ ಲಕ್ಷಾಂತರ ರಷ್ಯನ್ನರ ಪೌರತ್ವ ಕಿತ್ತುಕೊಂಡಾಗ, ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ ಮುಂದೆ ಬಂದರು. ರಾಷ್ಟ್ರಸಂಘದ ಪರವಾಗಿ 1922ರಲ್ಲಿ ಅವರ ಹೆಸರಿನ ಪಾಸ್‌ಪೋರ್ಟ್ ಹುಟ್ಟಿತು. ಯಾವ ದೇಶವೂ ಇಲ್ಲದವನು ಗಡಿ ದಾಟಲು ಹಿಡಿದ ಕಾಗದ ಅದು. ಅದನ್ನು ಕೊಡುವಾಗ ಕೇಳಿದ್ದು ಯಾವ ದೇಶ ನಿನ್ನದಲ್ಲ ಅಂತ. ಅದೇ ಕಾಲಂ ಮನುಷ್ಯನನ್ನು ಒಳಗೆ ಕರೆಯಲೂ ಬರುತ್ತದೆ ಅಂತ ನಮಗೆ ಬಾಬಾಸಾಹೇಬರ ಸಂವಿಧಾನದಿಂದ ಗೊತ್ತು. ಜಾತಿಯ ಹೆಸರು ಬರೆಸಿಕೊಂಡೇ ನಾವು ಹಾಸ್ಟೆಲಿಗೆ ಸೇರಿದೆವು, ಕಾಲೇಜಿಗೆ ಬಂದೆವು. ಯಾರ ಕೈಯಲ್ಲಿ ಕಾಲಂ ಇದೆ, ಯಾತಕ್ಕೆ ಇದೆ ಅಂತ ಕೇಳದೆ, ಕಾಲಂ ಕೆಟ್ಟದ್ದು ಅಂತ ಒಂದೇ ಮಾತಲ್ಲಿ ಮುಗಿಸಲು ನಮಗಾಗುವುದಿಲ್ಲ.

ಉಕ್ರೇನ್ ಕೂಡ ಯುದ್ಧದ ನಡುವೆಯೇ ಇಂಥದೊಂದು ಕಾರ್ಡಿಲ್ಲದ ಇ-ನಿವಾಸದ ಕಾನೂನು ಮಾಡಿಕೊಂಡಿತು. ಶುರುವಿನಲ್ಲಿ ಅದರ ಬಾಗಿಲು ತೆರೆದದ್ದು ನಾಲ್ಕೇ ದೇಶದ ಪೌರರಿಗೆ: ಭಾರತ, ಪಾಕಿಸ್ತಾನ, ಥಾಯ್ಲೆಂಡ್, ಸ್ಲೊವೇನಿಯ. ವಾಘಾ ಗಡಿಯಲ್ಲಿ ಕಾಲು ಅಪ್ಪಳಿಸುವ ಎರಡು ದೇಶ ಅಲ್ಲಿ ಒಂದೇ ಸಾಲಿನಲ್ಲಿ ನಿಂತಿವೆ. ನಗು ಬಂತು. ನಮ್ಮನ್ನು ಸೇರಿಸಿದ್ದು ಹುಟ್ಟು ನೋಡಿಯೇ ಅನ್ನೋದು ಆಮೇಲೆ ಹೊಳೆಯಿತು. ಒಳಗಿರುವಾಗ ಯಾರೂ ಹೊಸ್ತಿಲು ನೋಡುವುದಿಲ್ಲ.

2025ರ ಮಾರ್ಚ್ 26ರಂದು ಎಸ್ಟೋನಿಯದ ಪಾರ್ಲಿಮೆಂಟು ಸಂವಿಧಾನ ತಿದ್ದಿತು. 93 ಮಂದಿ ಪರ, 7 ಮಂದಿ ವಿರೋಧ. ಅಲ್ಲೇ ಕಾಯಂ ವಾಸವಿರುವ ರಷ್ಯ, ಬೆಲರೂಸ್ ಪೌರರಿಗೆ ಊರಿನ ನಗರಸಭೆಗೆ ಓಟು ಹಾಕುವ ಹಕ್ಕು ಹೋಯಿತು. ಬೂದು ಪಾಸ್‌ಪೋರ್ಟಿನವರು ಆ ವರ್ಷದ ಅಕ್ಟೋಬರಿನಲ್ಲಿ ಮಾತ್ರ, ಕೊನೆಯ ಸಲ ಹಾಕಬಹುದು ಅಂತಾಯಿತು. ಹಾಕಿದರು. ಕ್ರೀನ್‌ಹೋಮ್ ಗಿರಣಿ ಅಷ್ಟೊತ್ತಿಗೆ ಮುಚ್ಚಿ ಹದಿನೈದು ವರ್ಷವಾಗಿತ್ತು.

ಇದನ್ನೆಲ್ಲ ಗೆಳೆಯನಿಗೆ ಓದಿ ಹೇಳಿದೆವು. ಬಹಳ ಹೊತ್ತು ಸುಮ್ಮನಿದ್ದ. ಅವನ ಕಾರ್ಡಿನ ಐದು ವರ್ಷದ ಅವಧಿ ಮುಗಿಯುತ್ತಾ ಬಂದಿದೆ. ಅವನ ಜೊತೆ ಕೆಲಸ ಮಾಡುವ ಮಿನ್ಸ್ಕ್‌ನ ಹುಡುಗನೊಬ್ಬ ಈಗ ವಾರ್ಸಾದಲ್ಲಿದ್ದಾನಂತೆ, ಒಮ್ಮೆಯೂ ಮುಖ ನೋಡಿಲ್ಲ, ಮೂರು ವರ್ಷದಿಂದ ದಿನಾ ಮಾತು. "ಅವನ ಪಾಸ್‌ಪೋರ್ಟಿನ ಡೇಟು ಯಾವಾಗ ಮುಗಿಯುತ್ತೋ ಕೇಳಬೇಕು" ಅಂತ ಫೋನು ತೆಗೆದ.